ಒಂಬತ್ತನೇ ವಾರ್ಡಿನ ವಿಸಿಟಿಂಗ್ ಕಾರ್ಡು

ಮತ ಎಣಿಕೆಗೆ ಇನ್ನೂ ಒಂದು ದಿನ ಇರುವಾಗಲೇ ಗಿರಣಿ ಚನ್ನಲಿಂಗಪ್ಪನ ವಿಸಿಟಿಂಗ್ ಕಾರ್ಡು ಅಚ್ಚಾಗಿ ಬಂದಿತ್ತು.

ನಿಜ ಹೇಳಬೇಕೆಂದರೆ ಅವನು ಮಾಗಡಿಗೆ ಹೋಗಿದ್ದು ಕಾರ್ಡಿಗಲ್ಲ, ಟೋಕನ್ನಿಗೆ. ಜಾಲಿಕೋಟೆಯ ಅವನ ಹಿಟ್ಟಿನ ಗಿರಣಿಯಲ್ಲಿ ಟಿನ್ನು ಇಟ್ಟು ಹೋಗುವವರ ಕೈಗೆ ಕೊಡುತ್ತಿದ್ದ ತಗಡಿನ ಬಿಲ್ಲೆಗಳು ಕಳೆದು ಕಳೆದು ಆರಕ್ಕೆ ಬಂದು ನಿಂತಿದ್ದವು. ಒಬ್ಬರ ಟಿನ್ನು ಇನ್ನೊಬ್ಬರ ಮನೆಗೆ ಹೋಗಿ, ರಾಗಿ ಕೊಟ್ಟವರಿಗೆ ಗೋಧಿ ಹಿಟ್ಟು, ಗೋಧಿ ಕೊಟ್ಟವರಿಗೆ ಖಾರದ ಪುಡಿ ಸಿಕ್ಕಿ, ವಾರ್ಡಿನಲ್ಲಿ ನೆಂಟಸ್ತನಗಳೇ ಕೆಡುವ ಹಂತಕ್ಕೆ ಬಂದಿತ್ತು. ಆರು ತಿಂಗಳು ಹೇಳಿ ಹೇಳಿ ಸಾಕಾಗಿ, ಹೆಂಡತಿ ಬಸವಲಿಂಗಮ್ಮ ಅಂದು ಬೆಳಿಗ್ಗೆ ಖುದ್ದಾಗಿ ಅವನನ್ನು ಬಸ್ಸು ಹತ್ತಿಸಿದ್ದಳು. ಸಂಜೆ ಅವನು ಬಂದಿಳಿದಾಗ ಕೈಯಲ್ಲಿ ಟೋಕನ್ ಇರಲಿಲ್ಲ. ಒಂದು ರಟ್ಟಿನ ಡಬ್ಬಿ ಇತ್ತು. ಅದರೊಳಗೆ ಸಾವಿರ ಕಾರ್ಡು.

ಐನೂರು ಸಾಕಲ್ಲವೇ ಎಂದು ಪ್ರೆಸ್ಸಿನವನು ಕೇಳಿದ್ದನಂತೆ. ಐದು ವರ್ಷದ ಅವಧಿ ಕಣಪ್ಪ, ಮಧ್ಯದಲ್ಲಿ ಖಾಲಿಯಾದರೆ ಜನಕ್ಕೆ ಏನು ಕೊಡಲಿ ಎಂದು ಚನ್ನಲಿಂಗಪ್ಪ ದೂರಾಲೋಚನೆ ಮಾಡಿದ್ದ.

ಕಾರ್ಡಿನ ಮೇಲೆ ಬಂಗಾರದ ಬಣ್ಣದಲ್ಲಿ 'ಗಿರಣಿ ಚನ್ನಲಿಂಗಪ್ಪ' ಎಂದಿತ್ತು. ಅದರ ಕೆಳಗೆ ಕೆಂಪಿನಲ್ಲಿ 'ಸದಸ್ಯರು, ವಾರ್ಡ್ ನಂ. 9, ಪಟ್ಟಣ ಪಂಚಾಯಿತಿ, ಜಾಲಿಕೋಟೆ'. ಎಡಗಡೆ ಕೈ ಮುಗಿದ ಫೋಟೋ. ತೀರಾ ಕೆಳಗೆ, ಇರುವೆ ಸಾಲು ಹೋದ ಹಾಗೆ, 'ಶ್ರೀಮತಿ ಬಸವಲಿಂಗಮ್ಮನವರ ಪರವಾಗಿ' ಎಂದು ಇನ್ನೊಂದು ಸಾಲು. ಅದನ್ನು ಓದಲು ಮಗಳು ಸ್ಪಂದನಾ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕಾಯಿತು.

"ಅಪ್ಪಾಜಿ, ಚುನಾವಣೆಗೆ ನಿಂತಿರೋದು ಅವ್ವ ಅಲ್ವಾ?" ಎಂದಳು ಅವಳು.

ಮಗಳು ಪಿಯುಸಿ ಓದುತ್ತಿದ್ದರೂ ಲೋಕಜ್ಞಾನ ಸಾಲದು ಎಂದು ಚನ್ನಲಿಂಗಪ್ಪನಿಗೆ ಬೇಸರವಾಯಿತು.

ಅವನ ಬೇಸರಕ್ಕೂ ಕಾರಣವಿತ್ತು. ಮೆಂಬರ್ ಆಗಬೇಕೆಂದು ಅವನು ಹತ್ತು ವರ್ಷದಿಂದ ತಯಾರಿ ನಡೆಸಿದ್ದ. ವಾರ್ಡಿನ ಒಂದು ತಿಥಿ ತಪ್ಪಿಸಿರಲಿಲ್ಲ, ಒಂದು ನಾಮಕರಣ ಬಿಟ್ಟಿರಲಿಲ್ಲ. ಯಾರದೇ ಮನೆಯ ಗೃಹಪ್ರವೇಶದ ಫೋಟೋ ತೆಗೆದರೂ ಯಜಮಾನನ ಹೆಗಲ ಮೇಲೆ ಕೈ ಹಾಕಿ ನಿಂತವನು ಚನ್ನಲಿಂಗಪ್ಪನೇ. ಇಷ್ಟೆಲ್ಲ ಮಾಡಿದ ಮೇಲೆ ಮೀಸಲಾತಿ ಪಟ್ಟಿ ಬಂದು, ಒಂಬತ್ತನೇ ವಾರ್ಡು 'ಸಾಮಾನ್ಯ ಮಹಿಳೆ' ಎಂದುಬಿಟ್ಟಿತು. ಎರಡು ದಿನ ಅವನು ಮುದ್ದೆ ಮುಟ್ಟಲಿಲ್ಲ. ಮೂರನೆಯ ದಿನ ಜ್ಞಾನೋದಯವಾಯಿತು. ಜಾಲಿಕೋಟೆಯಲ್ಲಿ ಇದುವರೆಗೆ ಎಷ್ಟು ಹೆಂಗಸರು ಗೆದ್ದಿದ್ದಾರೋ ಅಷ್ಟೂ ಜನರ ಗಂಡಂದಿರೇ ಮೀಟಿಂಗಿಗೆ ಹೋಗುತ್ತಿದ್ದರು, ಗಂಡಂದಿರೇ ರುಜು ಹಾಕುತ್ತಿದ್ದರು, ನಲ್ಲಿ ಬರದಿದ್ದರೆ ಜನ ಗಂಡಂದಿರನ್ನೇ ಬಯ್ಯುತ್ತಿದ್ದರು. ಗಂಡನನ್ನು 'ಮೆಂಬರ್ರೇ' ಎಂದು ಕರೆಯುವುದು, ಗೆದ್ದವಳನ್ನು 'ಮೆಂಬರ್ರ ಹೆಂಡ್ತಿ' ಎನ್ನುವುದು ಊರಿನ ಪದ್ಧತಿ. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ಅದರಲ್ಲೇನೋ ವಿಚಿತ್ರವಿದೆ ಎಂದು ಯಾರಿಗೂ ಹೊಳೆದೇ ಇರಲಿಲ್ಲ.

ಬಸವಲಿಂಗಮ್ಮ ಒಂದೇ ಒಂದು ಷರತ್ತಿನ ಮೇಲೆ ನಾಮಪತ್ರಕ್ಕೆ ಸಹಿ ಹಾಕಿದಳು. ಗಿರಣಿಯ ಮುಂದೆ ಬಾಯ್ತೆರೆದ ಚರಂಡಿ ಇತ್ತು. ಬಂದವರೆಲ್ಲ ಟಿನ್ನು ಹೊತ್ತು ಅದನ್ನು ದಾಟಬೇಕು. ಹಿಂದಿನ ರಂಜಾನಿಗೆ ಪಕ್ಕದ ಬೀದಿಯ ಸಫೂರಾ ಬೀ ಹತ್ತು ಕೇಜಿ ಗೋಧಿ ಸಮೇತ ಅದರೊಳಗೆ ಒಂದು ಕಾಲಿಟ್ಟಿದ್ದಳು; ಕಾಲು ಮೇಲೆ ಬಂದಿತ್ತು, ಗೋಧಿ ಬಂದಿರಲಿಲ್ಲ. ಆ ಚರಂಡಿಯ ಮೇಲೆ ಸ್ಲ್ಯಾಬು ಬೀಳಬೇಕು ಎಂದಳು ಬಸವಲಿಂಗಮ್ಮ. ಸ್ಲ್ಯಾಬೇ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ ಎಂದು ಚನ್ನಲಿಂಗಪ್ಪ ಮಾತು ಕೊಟ್ಟ. ಕೊಟ್ಟು ಮರೆತ.

ಫಲಿತಾಂಶದ ದಿನ ಒಂಬತ್ತನೇ ವಾರ್ಡಿನಲ್ಲಿ ಪಕ್ಷೇತರ ಅಭ್ಯರ್ಥಿ ಬಸವಲಿಂಗಮ್ಮ ಹನ್ನೊಂದು ಓಟಿನಿಂದ ಗೆದ್ದಳು. ಎಣಿಕೆ ಕೇಂದ್ರದ ಗೇಟಿನಲ್ಲಿ ಜನ ಚನ್ನಲಿಂಗಪ್ಪನ ಕೊರಳಿಗೆ ಸುಗಂಧರಾಜದ ಹಾರ ಹಾಕಿ ಹೆಗಲ ಮೇಲೆ ಎತ್ತಿಕೊಂಡರು. ಪ್ರಮಾಣಪತ್ರಕ್ಕೆ ಗೆದ್ದವರು ಬರಬೇಕು ಎಂದು ಮೈಕಿನಲ್ಲಿ ಕರೆದಾಗ ಅವನು ಹಾರದ ಸಮೇತ ಹೋದ. ಗೆದ್ದವರು ಬರಲಿ ಎಂದು ವಾಪಸ್ಸು ಕಳಿಸಿದರು. ತನ್ನ ಗುರುತು ಸಿಕ್ಕಿಲ್ಲವೆಂದುಕೊಂಡು ಕಾರ್ಡು ಹಿಡಿದು ಇನ್ನೊಮ್ಮೆ ಹೋದ. ಮೂರನೇ ಸಲ ಪೊಲೀಸಿನವನು ಎದ್ದು ನಿಂತ. ಕೊನೆಗೆ ಸ್ಪಂದನಾ ಓಡಿಹೋಗಿ ಅವ್ವನನ್ನು ಕರೆತಂದಳು. ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು ಹೊತ್ತು ಬಂದ ಬಸವಲಿಂಗಮ್ಮ ಸಹಿ ಹಾಕಿ, ಪ್ರಮಾಣಪತ್ರದ ಜೊತೆಗೆ ಕೊಟ್ಟ ಸದಸ್ಯರ ಕೈಪಿಡಿಯನ್ನೂ ಕಂಕುಳಲ್ಲಿ ಇರುಕಿಕೊಂಡು, ಮಿಷನ್ನಿಗೆ ರಾಗಿ ಸುರಿದು ಬಂದಿದ್ದೇನೆ ಎಂದು ಹೊರಟೇಹೋದಳು. ಮನೆಗೆ ಬಂದ ಮೇಲೆ ಚನ್ನಲಿಂಗಪ್ಪ ಆ ಕೈಪಿಡಿಯನ್ನು ಮಡಿಸಿ, ಗಿರಣಿಯ ಕುಂಟು ಮೇಜಿನ ಕಾಲಿಗೆ ಕೊಟ್ಟ. ಮೇಜು ಅಲ್ಲಾಡುವುದು ನಿಂತಿತು. ಸರ್ಕಾರದ ಪುಸ್ತಕದಿಂದ ಇಷ್ಟಾದರೂ ಪ್ರಯೋಜನವಾಯಿತಲ್ಲ ಎಂದುಕೊಂಡ.

ಒಟ್ಟು ಫಲಿತಾಂಶ ಬಂದಾಗ ಜಾಲಿಕೋಟೆ ಬೆಚ್ಚಿಬಿತ್ತು. ಹದಿನೈದು ವಾರ್ಡಿನಲ್ಲಿ ಕೊಡೆ ಗುರುತಿನ ಪಕ್ಷಕ್ಕೆ ಏಳು, ಬಿಂದಿಗೆ ಗುರುತಿನ ಪಕ್ಷಕ್ಕೆ ಏಳು. ಉಳಿದದ್ದು ಒಂದು, ಒಂಬತ್ತನೆಯದು. ಶಾಸಕರದೊಂದು ಸಂಸದರದೊಂದು ಓಟಿದ್ದರೂ ಅವು ಆ ಕಡೆಗೊಂದು ಈ ಕಡೆಗೊಂದು ಬಿದ್ದು ಹೊಡೆದುಕೊಂಡು ಹೋಗುತ್ತಿದ್ದವು. ಇಪ್ಪತ್ತು ವರ್ಷದಿಂದ ಪಂಚಾಯಿತಿ ಕೊಡೆಯ ಕೈಲಿತ್ತು. ಈ ಸಲ ಅದು ಉಳಿಯುವುದೋ, ಬಿಂದಿಗೆಗೆ ಹೋಗುವುದೋ, ಎಲ್ಲ ಚನ್ನಲಿಂಗಪ್ಪನ ಕೈಯಲ್ಲಿದೆ ಎಂದು ಊರೇ ಹೇಳಿತು. ಚನ್ನಲಿಂಗಪ್ಪ ತನ್ನ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ.

ಅಧ್ಯಕ್ಷ ಸ್ಥಾನವೂ ಮಹಿಳೆಗೇ ಮೀಸಲಾಗಿತ್ತು. ಹೀಗಾಗಿ ಕೊಡೆಯ ಕಡೆಯಿಂದ ಸೈಟು ವ್ಯಾಪಾರದ ಲೋಕೇಶ್ ಅಧ್ಯಕ್ಷನಾಗಬೇಕಿತ್ತು. ಗೆದ್ದಿದ್ದವಳು ಅವನ ಹೆಂಡತಿ ರಮ್ಯಾ. ಬಿಂದಿಗೆಯ ಕಡೆಯಿಂದ ತೆಂಗಿನಕಾಯಿ ಮಂಡಿಯ ಬೋರಲಿಂಗಯ್ಯ ಅಧ್ಯಕ್ಷನಾಗಬೇಕಿತ್ತು; ಗೆದ್ದಿದ್ದವಳು ಅವನ ಹೆಂಡತಿ ಮಾಯಮ್ಮ. ಮೀಸಲಾತಿಯ ನಿಯಮಕ್ಕೆ ಎಲ್ಲೂ ಭಂಗ ಬಂದಿರಲಿಲ್ಲ.

ಸಂಜೆಯೊಳಗೆ ಲೋಕೇಶನ ಕಾರು ಚರಂಡಿಯ ಆಚೆ ಬಂದು ನಿಂತಿತು. ಅವನು ಜಾಗರೂಕತೆಯಿಂದ ಚರಂಡಿ ದಾಟಿ ಬಂದು, ಮಿಷನ್ನಿನ ಸದ್ದಿಗಿಂತ ಎತ್ತರದ ದನಿಯಲ್ಲಿ ಬಸವಲಿಂಗಮ್ಮನಿಗೆ ವಿಷಯ ತಿಳಿಸಿದ. ಇನ್ನು ಐದು ದಿನಕ್ಕೆ ಅಧ್ಯಕ್ಷರ ಚುನಾವಣೆ. ಅಲ್ಲಿಯವರೆಗೆ ತಮ್ಮ ಏಳೂ ಜನ ಮೆಂಬರ್ರನ್ನು ರಾಮನಗರದ ಬೆಟ್ಟದ ಕಡೆ ಒಂದು ರೆಸಾರ್ಟಿನಲ್ಲಿ ಇಡುತ್ತಿದ್ದೇವೆ, ಚನ್ನಲಿಂಗಣ್ಣನೂ ಬಂದುಬಿಟ್ಟರೆ ಎಂಟಾಗುತ್ತೆ ಎಂದ.

"ನಾನೂ ಬರ್ಬೇಕೇನಪ್ಪಾ?" ಎಂದಳು ಬಸವಲಿಂಗಮ್ಮ.

ಲೋಕೇಶ್ ಮನಸಾರೆ ನಕ್ಕ. "ಅಯ್ಯೋ, ನಿಮಗ್ಯಾಕೆ ತೊಂದ್ರೆ ಅತ್ತಿಗೆ. ಮೆಂಬರ್ರು ಬಂದ್ರೆ ಸಾಕು."

ಬಸವಲಿಂಗಮ್ಮ ಅವನನ್ನೊಮ್ಮೆ, ಇಸ್ತ್ರಿ ಬಟ್ಟೆಯಲ್ಲಿ ಬ್ಯಾಗು ಹಿಡಿದು ನಿಂತಿದ್ದ ಗಂಡನನ್ನೊಮ್ಮೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮನಸ್ಸು ಬದಲಾಯಿಸಿದಳು.

"ಕರ್ಕೊಂಡೋಗಿ," ಎಂದಳು. "ಊಟಕ್ಕೆ ಉಪ್ಪು ಒಸಿ ಕಮ್ಮಿ ಹಾಕ್ಸಿ. ಬಿಪಿ ಐತೆ."

ರೆಸಾರ್ಟಿನಲ್ಲಿ ಮೊದಲು ಎಲ್ಲರ ಫೋನೂ ಒಂದು ಸ್ಟೀಲ್ ಬಕೆಟ್ಟಿಗೆ ಹಾಕಿಸಿಕೊಂಡರು. ಎದುರು ಪಾರ್ಟಿಯವರು ಕರೆ ಮಾಡಿ ಮನಸ್ಸು ಕೆಡಿಸಬಾರದೆಂಬ ಮುನ್ನೆಚ್ಚರಿಕೆ. ಆಮೇಲೆ ಲೋಕೇಶ್ ತಲೆ ಎಣಿಸಿದ. ಎಂಟು ಸರಿಯಾಗಿತ್ತು. ಆ ಎಂಟರಲ್ಲಿ ನಾಲ್ಕು ಜನ ಗೆದ್ದವರು, ನಾಲ್ಕು ಜನ ಗೆದ್ದವರ ಗಂಡಂದಿರು. ಆದರೆ ಹಾಗೆ ಬಿಡಿಸಿ ಎಣಿಸುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ.

ಚನ್ನಲಿಂಗಪ್ಪನಿಗೆ ಹೊಸ ಅಳಿಯನ ಉಪಚಾರ. ಕಿಟಕಿಯಿಂದ ಬಂಡೆ ಕಾಣುವ ರೂಮು ಅವನಿಗೆ, ದೊಡ್ಡ ಟವೆಲ್ಲು ಅವನಿಗೆ. ಬಾತ್‌ರೂಮಿನಲ್ಲಿ ಬಿಸಿ ನೀರು ಬರುವುದು ತಡವಾದರೆ ಲೋಕೇಶನೇ ಬಂದು ನಲ್ಲಿ ತಿರುವುತ್ತಿದ್ದ. ಏನು ಬೇಕು ಹೇಳಣ್ಣ ಎಂದಾಗ ಚನ್ನಲಿಂಗಪ್ಪ ಬಹಳ ಹೊತ್ತು ಯೋಚಿಸಿ, ಮೀಟಿಂಗ್ ಹಾಲಿನಲ್ಲಿ ತನ್ನ ಕುರ್ಚಿಯ ಮುಂದೆ ಹೆಸರಿನ ಹಲಗೆ ಇಡಿಸಬೇಕು, ಅದಕ್ಕೆ ಬಂಗಾರದ ಬಣ್ಣ ಇರಬೇಕು ಎಂದು ಕೇಳಿಕೊಂಡ. ಇಷ್ಟೇನಾ ಎಂದು ಲೋಕೇಶನಿಗೇ ಸಂಕೋಚವಾಯಿತು. ಬಕೆಟ್ಟಿಗೆ ಹಾಕದೆ ಉಳಿಸಿಕೊಂಡಿದ್ದ ತನ್ನ ಫೋನಿನಲ್ಲಿ ಸಾವನದುರ್ಗದ ವೀರಭದ್ರಸ್ವಾಮಿ ಫೋಟೋ ತೆರೆದು, ಒಂದು ಆಣೆ ಮಾಡಿಬಿಡಣ್ಣ ಎಂದ. ಚನ್ನಲಿಂಗಪ್ಪ ಕೈ ಒರೆಸಿಕೊಂಡು ಸ್ಕ್ರೀನು ಮುಟ್ಟಿ, ನನ್ನ ಓಟು ಕೊಡೆಗೇ ಎಂದು ಆಣೆ ಮಾಡಿದ.

ಅಲ್ಲೇ ಲೋಕೇಶ್ ಅಧ್ಯಕ್ಷ ಸ್ಥಾನದ ನಾಮಪತ್ರ ತುಂಬಿಸಿ, ಅಭ್ಯರ್ಥಿಯ ಸಹಿ ಎಂಬಲ್ಲಿ 'ರಮ್ಯಾ' ಎಂದು ಬರೆದು ಕೆಳಗೊಂದು ಗೆರೆ ಎಳೆದ. ಮದುವೆಯಾದಾಗಿನಿಂದ ಆ ಸಹಿ ತನ್ನದೇ, ಈಗ ಅವಳೇ ಹಾಕಿದರೂ ಬ್ಯಾಂಕಿನವರು ಒಪ್ಪುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದ. ಚನ್ನಲಿಂಗಪ್ಪನಿಗೆ ಈ ವಿದ್ಯೆಯಲ್ಲಿ ತಾನು ಹಿಂದೆ ಬಿದ್ದಿದ್ದೇನೆಂದು ಅನಿಸಿ, ಅಂದು ರಾತ್ರಿಯೆಲ್ಲ ಟಿಶ್ಯೂ ಕಾಗದದ ಮೇಲೆ 'ಬಸವಲಿಂಗಮ್ಮ' ಎಂದು ಬರೆದು ಬರೆದು ಕಲಿತ.

ತೊಂದರೆ ಶುರುವಾದದ್ದು ಮಾರನೆಯ ಬೆಳಿಗ್ಗೆ, ಇಡ್ಲಿ ಪಾತ್ರೆಯ ಮುಂದೆ. ಮದುವೆ ಸೀಸನ್ನು, ಬಿಡದಿಯಿಂದ ಚನ್ನಪಟ್ಟಣದವರೆಗೆ ಒಂದು ರೆಸಾರ್ಟೂ ಖಾಲಿ ಇರಲಿಲ್ಲ. ವ್ಯಾಪಾರಸ್ಥನಾದ ಮ್ಯಾನೇಜರು ಎ ಬ್ಲಾಕನ್ನು ಕೊಡೆಗೆ ಕೊಟ್ಟು, ಬಿ ಬ್ಲಾಕನ್ನು ಬಿಂದಿಗೆಗೆ ಕೊಟ್ಟಿದ್ದ. ಇಬ್ಬರಿಗೂ ಇನ್ನೊಬ್ಬರ ವಿಷಯ ಹೇಳಿರಲಿಲ್ಲ. ಲೋಕೇಶ್ ಚಟ್ನಿ ಸೌಟಿಗೆ ಕೈ ಹಾಕಿದಾಗ ಅದರ ಇನ್ನೊಂದು ತುದಿ ಬೋರಲಿಂಗಯ್ಯನ ಕೈಲಿತ್ತು. ಎರಡೂ ಪಕ್ಷಗಳ ಗಣ್ಯರು ಬನಿಯನ್ನಿನಲ್ಲಿ ಮುಖಾಮುಖಿ ನಿಂತರು. ಆಮೇಲೆ ಮ್ಯಾನೇಜರನ ಸಮ್ಮುಖದಲ್ಲಿ ಒಪ್ಪಂದವಾಯಿತು: ಎಂಟರಿಂದ ಒಂಬತ್ತು ಕೊಡೆಯವರ ತಿಂಡಿ, ಒಂಬತ್ತರಿಂದ ಹತ್ತು ಬಿಂದಿಗೆಯವರದು, ನಡುವಿನ ಈಜುಕೊಳ ಇಬ್ಬರದೂ ಅಲ್ಲ.

ಎ ಬ್ಲಾಕಿನ ಅಡುಗೆಯಲ್ಲಿ ಮಾಂಸಾಹಾರಿಗಳಿಗೆ ನಾಟಿಕೋಳಿ ಸಾರು, ಸಸ್ಯಾಹಾರಿಗೆ ಪನ್ನೀರು. ಸಸ್ಯಾಹಾರಿ ಎಂದರೆ ಚನ್ನಲಿಂಗಪ್ಪ ಒಬ್ಬನೇ. ಮೂರು ಹೊತ್ತು ಪನ್ನೀರು ತಿಂದ ಮೇಲೆ ಅವನಿಗೆ ಬಾಯಿ ಸಾಬೂನಾದಂತಾಯಿತು. ಎರಡನೆಯ ಮಧ್ಯಾಹ್ನ ಈಜುಕೊಳದ ಆಚೆಯಿಂದ ಬಸ್ಸಾರಿನ ಒಗ್ಗರಣೆಯ ವಾಸನೆ ತೇಲಿ ಬಂತು. ಒಬ್ಬ ಮನುಷ್ಯ ಎಷ್ಟು ತಡೆದುಕೊಳ್ಳಬಹುದೋ ಅಷ್ಟು ಅವನು ತಡೆದುಕೊಂಡ, ಎಂದರೆ ಸುಮಾರು ಐದು ನಿಮಿಷ. ಲೋಕೇಶ್ ಮಲಗಿದ್ದನ್ನು ನೋಡಿಕೊಂಡು, ಟವೆಲ್ಲನ್ನು ತಲೆಗೆ ಸುತ್ತಿ, ಕೊಳ ಸುತ್ತು ಹಾಕಿ ಬಿ ಬ್ಲಾಕಿನ ಊಟದ ಮನೆಗೆ ಹೋದ.

ಬೋರಲಿಂಗಯ್ಯ ಅವನ ಬರವನ್ನೇ ಕಾಯುತ್ತಿದ್ದವನಂತೆ ಜಾಗ ಬಿಟ್ಟ. ತಟ್ಟೆಗೆ ಬಿಸಿ ಮುದ್ದೆ ಬಿತ್ತು, ಅದರ ನೆತ್ತಿಯ ಮೇಲೆ ತುಪ್ಪ ಬಿತ್ತು, ಪಕ್ಕದಲ್ಲಿ ಬಸ್ಸಾರು ಹರಿಯಿತು. ಚನ್ನಲಿಂಗಪ್ಪ ತುತ್ತು ಮುರಿಯಲು ಕೈ ಇಡುವಷ್ಟರಲ್ಲಿ ಬೋರಲಿಂಗಯ್ಯ ಆ ಕೈಯನ್ನು ಹಾಗೆಯೇ ಮುದ್ದೆಯ ಮೇಲೆ ಅದುಮಿ ಹಿಡಿದ.

"ನೋಡ್ಲಾ ಚನ್ನ. ಅನ್ನ ಮುಟ್ಟಿದ್ದೀಯ. ನಿನ್ನ ಓಟು ಯಾರಿಗೆ ಅಂತ ಯೋಳ್ಬುಟ್ಟು ಉಣ್ಣು."

ಮುದ್ದೆ ಬಿಸಿಯಿತ್ತು. ಯೋಚನೆ ಮಾಡಲು ಸಮಯವಿರಲಿಲ್ಲ.

"ಬಿಂದಿಗೆಗೆ ಕಣಣ್ಣ," ಎಂದ ಚನ್ನಲಿಂಗಪ್ಪ. "ಕೈ ಬುಡು."

ಉಂಡು ಕೈ ತೊಳೆಯುವಾಗ ಅವನಿಗೆ ತಾನು ಮಾಡಿದ್ದು ಅರಿವಾಯಿತು. ವೀರಭದ್ರನನ್ನಾದರೂ ಫೋನಿನಲ್ಲಿ ಮುಟ್ಟಿದ್ದು, ಮಧ್ಯೆ ಗಾಜಿತ್ತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ರಾಗಿ ಬೀಸಿ ಬದುಕುವವನು ಮುದ್ದೆ ಮುಟ್ಟಿ ಆಣೆ ಮಾಡಿ ತಪ್ಪಿದರೆ ಕಲ್ಲು ತಿರುಗೀತೇ? ಕೊಡೆಗೆ ಓಟು ಬಿದ್ದರೆ ಮುದ್ದೆ ಕೈಬಿಡುತ್ತದೆ, ಬಿಂದಿಗೆಗೆ ಬಿದ್ದರೆ ವೀರಭದ್ರ ಬಿಡುವುದಿಲ್ಲ. ಯಾವ ಕಡೆಗೆ ಕೈ ಎತ್ತಿದರೂ ಹತ್ತು ವರ್ಷದ ಮರ್ಯಾದೆ ಹೋಗಿ, ಇನ್ನು ಯಾರ ತಿಥಿಗೂ ಮುಖ ತೋರಿಸುವಂತಿಲ್ಲ.

ಮೂರನೆಯ ದಿನ ಅವನು ತೋಟದ ಮಾಲಿಯ ಫೋನು ಬೇಡಿ ಮನೆಗೆ ಕರೆ ಮಾಡಿದ. ಮಿಷನ್ನು ಓಡುತ್ತಿತ್ತು. ಅದರ ಹಿಂದೆ ಬಹಳ ಜನ ಹೆಂಗಸರ ನಗು ಕೇಳಿಸುತ್ತಿತ್ತು. ಅವನು ಕೊಳದ ಕಡೆ ಬೆನ್ನು ಮಾಡಿ, ಎರಡು ಆಣೆಯ ಕಥೆಯನ್ನು ಪಿಸುಮಾತಿನಲ್ಲಿ ಹೇಳಿ, ಈಗ ಏನು ಮಾಡುವುದೇ ಎಂದು ಕೇಳಿದ.

"ಸ್ಲ್ಯಾಬಿನ ವಿಚಾರ ಮಾತಾಡುದ್ರಾ?" ಎಂದಳು ಬಸವಲಿಂಗಮ್ಮ.

ಅವನಿಗೆ ಹೆಸರಿನ ಹಲಗೆಯ ವಿಷಯ ಹೇಳುವುದು ಸಮಯೋಚಿತವಲ್ಲ ಎನಿಸಿತು.

"ಆಯ್ತು ಬುಡಿ. ಇಲ್ಲಿ ಟಿನ್ನೆಲ್ಲ ಕಲಸೋಗವೆ. ನಿಮ್ಮ ಆ ರಟ್ಟಿನ ಡಬ್ಬಿ ಎಲ್ಲಿ ಮಡಗಿದ್ದೀರಿ?"

ಬೀರುವಿನ ಮೇಲೆ ಎಂದ. ಯಾಕೆ ಎಂದು ಕೇಳುವಷ್ಟರಲ್ಲಿ ಮಾಲಿ ಫೋನು ಕಿತ್ತುಕೊಂಡ.

ಚುನಾವಣೆಯ ಬೆಳಿಗ್ಗೆ ಎರಡು ಸಾಲು ವಾಹನ ಜಾಲಿಕೋಟೆ ಪಂಚಾಯಿತಿ ಕಚೇರಿಯ ಮುಂದೆ ನಿಂತವು. ಎರಡರಿಂದಲೂ ಬಿಳಿ ಬಟ್ಟೆಯವರು ಇಳಿದರು. ಹೆಂಗಸರಿಗೆ ನೇರವಾಗಿ ಹತ್ತು ಗಂಟೆಗೆ ಬಂದುಬಿಡಲು ತಿಳಿಸಲಾಗಿತ್ತು. ಬಂದು ಹೇಳಿದಾಗ ಕೈ ಎತ್ತಿ ಹೋದರಾಯಿತು, ಅಷ್ಟಕ್ಕೆ ಮುಂಚಿತವಾಗಿ ಹೇಳುವಂಥದ್ದೇನು ಎಂಬುದು ಎರಡೂ ಪಕ್ಷಗಳ ಒಮ್ಮತದ ಅಭಿಪ್ರಾಯ. ಅವರು ಬಂದರು. ಕೊಡೆಯ ಮೂವರು, ಬಿಂದಿಗೆಯ ಮೂವರು ಮತ್ತು ಬಸವಲಿಂಗಮ್ಮ, ಏಳೂ ಜನ ಗಿರಣಿ ಬೀದಿಯ ಕಡೆಯಿಂದ ಒಟ್ಟಿಗೆ ನಡೆದು ಬಂದರು. ರಮ್ಯಾಳ ಹೆಗಲ ಮೇಲೆ ಮಾಯಮ್ಮನ ಕೈ ಇತ್ತು. ಬೋರಲಿಂಗಯ್ಯನಿಗೆ ಅದು ಸರಿಕಾಣಲಿಲ್ಲ.

"ಐದು ದಿನದಿಂದ ಎಲ್ಲಾ ರಾಗಿ ಬೀಸಿಸಕ್ಕೆ ಹೋಯ್ತಾವ್ರಂತೆ," ಎಂದು ಯಾರೋ ವರದಿ ಕೊಟ್ಟರು. ಒಂದು ಮನೆಗೆ ಐದು ದಿನ ಬೀಸಿಸುವಷ್ಟು ರಾಗಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಬಾಗಿಲಲ್ಲಿ ಜವಾನ ಮುನಿಯಪ್ಪ ಪಟ್ಟಿ ಹಿಡಿದು ನಿಂತಿದ್ದ. ಈ ಸಲ ಚುನಾವಣಾಧಿಕಾರಿಯಾಗಿ ಬಂದಿದ್ದ ತಹಸೀಲ್ದಾರ್ ಮೇಡಂ ಊರಿಗೆ ಹೊಸಬರು; ಊರಿನ ಪದ್ಧತಿ ತಿಳಿಯದವರು. ಮೆಂಬರ್ರನ್ನು ಬಿಟ್ಟು ಒಂದು ನೊಣವೂ ಒಳಗೆ ಬರಬಾರದು ಎಂದಿದ್ದರಂತೆ. ಗಂಡಂದಿರನ್ನೆಲ್ಲ ಮುನಿಯಪ್ಪ ಒಬ್ಬೊಬ್ಬರನ್ನಾಗಿ ಜಗುಲಿಗೆ ತಿರುಗಿಸಿದ. ಚನ್ನಲಿಂಗಪ್ಪ ಜೇಬಿನಿಂದ ಕಾರ್ಡು ತೆಗೆದು ಕೊಟ್ಟ. ಮುನಿಯಪ್ಪ ಅದನ್ನು ದೂರ ಹಿಡಿದ, ಹತ್ತಿರ ಹಿಡಿದ, ಕನ್ನಡಕ ಹಾಕಿಕೊಂಡು ಇರುವೆ ಸಾಲನ್ನೂ ಓದಿದ.

"ಸರಿಯಾಗೇ ಬರ್ಸಿದ್ದೀರಿ ಸಾ," ಎಂದು ಗೌರವದಿಂದ ವಾಪಸ್ಸು ಕೊಟ್ಟ. "ಈ ಕೆಳ್ಗಡೆ ಹೆಸರಿನೋರು ಆಗ್ಲೇ ಒಳಗವ್ರೆ. ನೀವು ಒಸಿ ಆ ಕಡೆ ಕುಂತ್ಕಳಿ."

ಜಗುಲಿಯಲ್ಲಿ ಏಳು ಜನ ಗಂಡಂದಿರು ಕಿಟಕಿಯ ಸೊಳ್ಳೆ ಬಲೆಗೆ ಮೂಗು ಹಚ್ಚಿ ನಿಂತರು. ಚನ್ನಲಿಂಗಪ್ಪನ ಎಡಗೈಯನ್ನು ಲೋಕೇಶ್ ಹಿಡಿದಿದ್ದ, ಬಲಗೈಯನ್ನು ಬೋರಲಿಂಗಯ್ಯ. ಅತ್ತಿಗೆಗೆ ಹೇಳಿದ್ದೀಯ ತಾನೇ ಅಣ್ಣ ಎಂದು ಎಡಗಿವಿಯಲ್ಲಿ. ಮುದ್ದೆ ಗ್ಯಾಪಕ ಐತೇನ್ಲಾ ಎಂದು ಬಲಗಿವಿಯಲ್ಲಿ. ಚನ್ನಲಿಂಗಪ್ಪ ಎರಡೂ ಕಡೆಗೆ ತಲೆಯಾಡಿಸಿದ. ಒಳಗೆ ಬಸವಲಿಂಗಮ್ಮನ ಬಲಗೈ ಮೇಜಿನ ಮೇಲಿತ್ತು. ಆ ಕೈ ಮೇಲೇಳಬಾರದು ಎಂದು ಅವನು ವೀರಭದ್ರನನ್ನೇ ಬೇಡಿಕೊಂಡ. ಈ ವಿಷಯದಲ್ಲಿ ಅವನ ಮುಖ ನೋಡಲು ನಾಚಿಕೆಯಾದರೂ ಬೇರೆ ದೇವರ ಪರಿಚಯ ಅಷ್ಟಿರಲಿಲ್ಲ.

ಮೇಡಂ ಮೂರು ನಾಮಪತ್ರ ಬಂದಿವೆ ಎಂದರು. ಜಗುಲಿಯಲ್ಲಿ ಗುಸುಗುಸು ಎದ್ದಿತು. ಎರಡಲ್ಲವೇ? ಮೂರನೆಯದು ಯಾರದು?

ಬಸವಲಿಂಗಮ್ಮ ಎದ್ದು ನಿಂತಳು. ಅವಳ ಕೈಯಲ್ಲೊಂದು ಪುಸ್ತಕವಿತ್ತು. ಅದರ ಬೆನ್ನಿನ ಮೇಲೆ ಮೇಜಿನ ಕಾಲಿನ ಚೌಕಾಕಾರದ ಗುರುತು ಬಿದ್ದಿದ್ದನ್ನು ಚನ್ನಲಿಂಗಪ್ಪ ಇಷ್ಟು ದೂರದಿಂದಲೂ ಕಂಡ. ಗಿರಣಿಯ ಮೇಜು ಈಗ ಅಲ್ಲಾಡುತ್ತಿರಬೇಕಲ್ಲ ಎಂಬ ಯೋಚನೆ ಮೊದಲು ಬಂತು.

"ಅಭ್ಯರ್ಥಿ ಸ್ವಂತ ಕೈಯಿಂದ ರುಜು ಹಾಕಿರ್ಬೇಕು ಅಂತ ಇದ್ರಲ್ಲಿ ಐತೆ," ಎಂದಳು ಅವಳು. "ಎಲ್ರನ್ನೂ ಒಂದ್ಸಲ ಕೇಳ್ಬುಡಿ ಮೇಡಂ. ನನ್ನನ್ನೂ ಸೇರ್ಸಿ."

ಮೇಡಂ ಮೊದಲ ಕಾಗದ ಎತ್ತಿ ರಮ್ಯಾಳ ಕಡೆ ಹಿಡಿದರು. ರಮ್ಯಾ ಎದ್ದು ಬಂದು, ತನ್ನ ಹೆಸರನ್ನೂ ಅದರ ಕೆಳಗಿನ ಗೆರೆಯನ್ನೂ ಆಸಕ್ತಿಯಿಂದ ನೋಡಿದಳು.

"ಚೆನ್ನಾಗೈತೆ ಮೇಡಂ," ಎಂದಳು. "ಆದ್ರೆ ಈ ಕಾಗ್ದಾನ ನಾನು ನೋಡ್ತಿರೋದೇ ಈಗ."

ಚನ್ನಲಿಂಗಪ್ಪನ ಎಡಗೈ ಹಿಡಿತ ಸಡಿಲವಾಯಿತು. ಬೋರಲಿಂಗಯ್ಯನ ಮುಖ ಹುಣ್ಣಿಮೆಯಾಯಿತು. ಮೇಡಂ ಎರಡನೆಯ ಕಾಗದ ಎತ್ತಿದರು. ಅದರಲ್ಲಿ ಬೋರಲಿಂಗಯ್ಯ ಬಿ ಬ್ಲಾಕಿನಲ್ಲಿ ಕೂತು, ಮಾಯಮ್ಮನ ಹೆಸರನ್ನು ಸೊಗಸಾದ ಇಂಗ್ಲಿಷಿನಲ್ಲಿ, ಕೊನೆಗೆ ಬಾಲ ಬಿಟ್ಟು, ಬರೆದಿದ್ದ.

"ನಿಮ್ಮದಾ ತಾಯಿ ಈ ಸಹಿ?"

ಮಾಯಮ್ಮ ಕಾಗದವನ್ನು ತಿರುಗುಮುರುಗು ಹಿಡಿದು ನೋಡಿ, ಮೆಲ್ಲನೆ ತನ್ನ ಎಡಗೈ ಹೆಬ್ಬೆರಳು ಎತ್ತಿ ತೋರಿಸಿದಳು.

"ನಂದು ಇದು ಕಣವ್ವ. ಅದು ನಮ್ಮೆಜಮಾನ್ರು ಗೀಚಿರೋದು. ಅವರು ಅಧ್ಯಕ್ಷರಾಯ್ತಾರಂತೆ, ಬಂದೋರಿಗೆಲ್ಲ ಕಾಫಿ ಕಾಯ್ಸೋಳು ನಾನಂತೆ."

ಬಲಗೈಯೂ ಸಡಿಲವಾಯಿತು. ಒಳಗೆ ಕೂತಿದ್ದ ಎಂಟು ಜನ ಗಂಡು ಸದಸ್ಯರು, ಕೊಡೆಯವರು ಬಿಂದಿಗೆಯವರನ್ನೂ ಬಿಂದಿಗೆಯವರು ಕೊಡೆಯವರನ್ನೂ ನೋಡಿದರು. ಕೈ ಎತ್ತಲು ಐದು ದಿನ ತಾಲೀಮು ಮಾಡಿ ಬಂದವರಿಗೆ ಈಗ ಯಾರಿಗೆ ಎತ್ತುವುದೋ ತಿಳಿಯಲಿಲ್ಲ. ಮೇಡಂ ಎರಡು ಕಾಗದವನ್ನೂ ತಿರಸ್ಕೃತ ಎಂದು ಬರೆದು ಪಕ್ಕಕ್ಕಿಟ್ಟರು. ಮೂರನೆಯದರಲ್ಲಿ ಸಹಿಯ ಪಕ್ಕ ಹಿಟ್ಟಿನ ಬೆರಳಚ್ಚು ಇತ್ತು. ಸೂಚಕರು ಕೊಡೆಯ ರಮ್ಯಾ, ಅನುಮೋದಕರು ಬಿಂದಿಗೆಯ ಮಾಯಮ್ಮ. ಬಸವಲಿಂಗಮ್ಮ ತನ್ನದೇ ಸಹಿ ಎಂದಳು. ಹಾಕುವಾಗ ಯಜಮಾನರು ಊರಲ್ಲಿ ಇರಲಿಲ್ಲ ಎಂದೂ ಸೇರಿಸಿದಳು.

ಕಣದಲ್ಲಿ ಒಬ್ಬರೇ ಉಳಿದಿರುವುದರಿಂದ ಮತದಾನದ ಅಗತ್ಯವಿಲ್ಲ, ಅವಿರೋಧ ಆಯ್ಕೆ ಎಂದು ಮೇಡಂ ಘೋಷಿಸಿದರು.

ಮತದಾನದ ಅಗತ್ಯವಿಲ್ಲ ಎಂಬುದು ಚನ್ನಲಿಂಗಪ್ಪನ ತಲೆಗೆ ಹೋಗಲು ಒಸಿ ಹೊತ್ತು ಹಿಡಿಯಿತು. ಹೋದ ಮೇಲೆ ಅವನು ಜಗುಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಓಟು ಕೊಡೆಗೂ ಬಿದ್ದಿರಲಿಲ್ಲ, ಬಿಂದಿಗೆಗೂ ಬಿದ್ದಿರಲಿಲ್ಲ. ವೀರಭದ್ರನೂ ಉಳಿದ, ಮುದ್ದೆಯೂ ಉಳಿಯಿತು.

ಜಗುಲಿಯ ಮೇಲೆ ಮಾತ್ರ ಗಾಳಿಯಾಡಲಿಲ್ಲ. ಲೋಕೇಶ್ ಇದು ಬೋರಲಿಂಗಯ್ಯನ ಕುತಂತ್ರ ಎಂದ. ಬೋರಲಿಂಗಯ್ಯ ನನ್ನ ಹೆಂಡ್ತಿ ನಾಮಪತ್ರಾನ ನಾನೇ ಕೆಡ್ಸಕ್ಕೆ ನನಗೇನ್ಲಾ ಹುಚ್ಚಾ ಎಂದ. ಆದರೆ ಇಬ್ಬರೂ ಅನುಭವಿಗಳು. ಲೋಕಲ್ ಚಾನೆಲ್ಲಿನ ವರದಿಗಾರ ಮೈಕು ಹಿಡಿದು ಬಂದು ಯಾವ ಪಕ್ಷ ಅಧಿಕಾರಕ್ಕೆ ಬಂತು ಎಂದು ಕೇಳುವ ಹೊತ್ತಿಗೆ ಮುಖ ಒರೆಸಿಕೊಂಡಿದ್ದರು. ನಮ್ಮ ರಮ್ಯಾನೇ ಸೂಚಿಸಿದ್ದು, ಹಾಗಾಗಿ ಇದು ಕೊಡೆಯ ಗೆಲುವು ಎಂದ ಲೋಕೇಶ್. ಅನುಮೋದನೆ ಇಲ್ಲದೆ ಸೂಚನೆಗೆ ಬೆಲೆಯಿಲ್ಲ, ಹಾಗಾಗಿ ಇಪ್ಪತ್ತು ವರ್ಷದ ಮೇಲೆ ಬಿಂದಿಗೆ ಅಧಿಕಾರಕ್ಕೆ ಬಂದಂತಾಯಿತು ಎಂದ ಬೋರಲಿಂಗಯ್ಯ. ಇಬ್ಬರೂ ತರಿಸಿಟ್ಟಿದ್ದ ಪಟಾಕಿ ಸರ ಒಟ್ಟಿಗೆ ಹಚ್ಚಿದರು. ಇಬ್ಬರೂ ತಂದಿದ್ದ ಹಾರಗಳನ್ನು ಅಭ್ಯಾಸ ಬಲದಿಂದ ಚನ್ನಲಿಂಗಪ್ಪನ ಕೊರಳಿಗೆ ಹಾಕಿದರು. ಹೊಗೆಯಲ್ಲಿ ನಿಂತ ಚನ್ನಲಿಂಗಪ್ಪನಿಗೆ ತನ್ನ ಭಾಗ್ಯ ಈಗ ಅರ್ಥವಾಗತೊಡಗಿತು. ಬರೀ ಮೆಂಬರಲ್ಲ, ಅಧ್ಯಕ್ಷ. ಕಾರ್ಡು ಬೇರೆ ಹಾಕಿಸಬೇಕು.

ಎರಡು ಹಾರದ ಭಾರದಲ್ಲಿ ಅವನು ಅಧ್ಯಕ್ಷರ ಕೊಠಡಿಗೆ ನಡೆದ. ಮುನಿಯಪ್ಪ ಈ ಸಲ ತಡೆಯಲಿಲ್ಲ. ಒಳಗೆ ದೊಡ್ಡ ಕುರ್ಚಿಯಲ್ಲಿ ಬಸವಲಿಂಗಮ್ಮ ಕೂತಿದ್ದಳು, ಸುತ್ತ ಆರು ಜನ ಹೆಂಗಸರು. ಅವನು ಕೊರಳಿನ ಹಾರ ಸರಿಮಾಡಿಕೊಂಡು, ಏಳೇ, ಫೋಟೋದವರು ಬಂದವ್ರೆ ಎಂದ.

ಬಸವಲಿಂಗಮ್ಮ ಏಳಲಿಲ್ಲ. ಬೇಸರದಿಂದಲೂ ನೋಡಲಿಲ್ಲ. ಐದು ದಿನ ಕಾಣದ ಗಂಡನನ್ನು ಮೇಲಿನಿಂದ ಕೆಳಗೆ ನೋಡಿ, ಇಳಿದು ಹೋಗವ್ರೆ ಎಂದು ಮಾಯಮ್ಮನಿಗೆ ಹೇಳಿದಳು. ಆಮೇಲೆ ಸೊಂಟದಿಂದ ಗಿರಣಿಯ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು.

"ಹದಿನಾಲ್ಕು ಟಿನ್ನು ಸಾಲಾಗವೆ. ಸಫೂರಾ ಬೀದು ಗೋಧಿ, ರಾಗಿ ಕಲ್ಲಿಗೆ ಹಾಕ್ಬೇಡಿ. ನಾನು ಸ್ಲ್ಯಾಬಿಂದು ಬರ್ಸಿ ಬತ್ತೀನಿ."

ಚನ್ನಲಿಂಗಪ್ಪ ಗೋಡೆಯ ಪಕ್ಕ ಖಾಲಿಯಿದ್ದ ಇನ್ನೊಂದು ಕುರ್ಚಿಯನ್ನು ನೋಡಿದ. ಅದರ ಮೇಲೆ ಮುನಿಯಪ್ಪ ಫೈಲು ಇಟ್ಟ. ಅವನು ಬೀಗದ ಕೈ ತೆಗೆದುಕೊಂಡ.

ಗಿರಣಿಯಲ್ಲಿ ಟಿನ್ನುಗಳು ಹಿಂದೆಂದೂ ಇಲ್ಲದ ಶಿಸ್ತಿನಿಂದ ಸಾಲಾಗಿದ್ದವು. ಪ್ರತಿಯೊಂದು ಟಿನ್ನಿನ ಮೇಲೂ ಸೀಮೆಸುಣ್ಣದಲ್ಲಿ ನಂಬರು. ಕುಂಟು ಮೇಜಿನ ಕಾಲಿಗೆ ಈಗ ಒಂದು ಹಂಚಿನ ಚೂರು ಕೊಟ್ಟಿತ್ತು. ಮೇಲೆ ಅವನ ರಟ್ಟಿನ ಡಬ್ಬಿ ಬಾಯ್ತೆರೆದು ಕೂತಿತ್ತು. ಒಳಗೆ ಅವನದೇ ಕೈ ಮುಗಿದ ಮುಖ, ಕಟ್ಟುಗಟ್ಟಲೆ. ಒಂದನ್ನು ತಿರುಗಿಸಿ ನೋಡಿದ. ಹಿಂದೆ ಸ್ಪಂದನಾಳ ದುಂಡು ಅಕ್ಷರದಲ್ಲಿ 'ಟಿನ್ನು 22' ಎಂದಿತ್ತು.

ಮೂರು ತಿಂಗಳೊಳಗೆ ಸ್ಲ್ಯಾಬು ಬಿತ್ತು. ಅದರ ಮೇಲೆ ಮೊದಲು ಕಾಲಿಟ್ಟವಳು ಸಫೂರಾ ಬೀ. ಎರಡು ಸಲ ಕುಟ್ಟಿ ನೋಡಿ, ಆಮೇಲೆ ಧೈರ್ಯದಿಂದ ದಾಟಿ ಬಂದಳು. ಚನ್ನಲಿಂಗಪ್ಪ ಮಿಷನ್ನಿನ ಮುಂದೆ ತಲೆಯಿಂದ ಕಾಲಿನವರೆಗೆ ಬೆಳ್ಳಗೆ ನಿಂತಿದ್ದ. ಇಸ್ತ್ರಿ ಬಟ್ಟೆ ಹಾಕಿದ್ದಾಗಲೂ ಅವನು ಇಷ್ಟು ಬಿಳುಪಾಗಿರಲಿಲ್ಲ. ಸಫೂರಾ ಬೀ ಸೆರಗಿನ ಗಂಟಿನಿಂದ ಕಾರ್ಡು ಬಿಚ್ಚಿ, ಅದರ ಮೇಲಿನ ಫೋಟೋ ನೋಡಿ, ಎದುರು ನಿಂತವನ ಮುಖ ನೋಡಿ, ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಂಡಳು.

"ಮೆಂಬರ್ರೇ, ಹದಿನೇಳು ಆಯ್ತಾ?"

ಮಿಷನ್ನಿನ ಸದ್ದಿನಲ್ಲೂ ಚನ್ನಲಿಂಗಪ್ಪನಿಗೆ ಮೊದಲ ಮಾತು ಸ್ಪಷ್ಟವಾಗಿ ಕೇಳಿಸಿತು. ಅವನು ಹಿಟ್ಟಿನ ಟಿನ್ನನ್ನು ತಾನೇ ಎತ್ತಿ ಸ್ಲ್ಯಾಬಿನ ಆಚೆಯವರೆಗೂ ತಂದು ಕೊಟ್ಟ. ಕಾರ್ಡು ವಾಪಸ್ಸು ಇಸಿದುಕೊಂಡು, ಒರೆಸಿ, ಡಬ್ಬಿಗೆ ಹಾಕಿದ.

ಇನ್ನೂ ಬೇಕಾದಷ್ಟು ಉಳಿದಿದೆಯಾ ಎಂದು ಸಫೂರಾ ಬೀ ವಿಚಾರಿಸಿದಳು. ಮೊದಲಿನ ತಗಡಿನ ಬಿಲ್ಲೆಯ ಹಾಗೆ ಇವೂ ಮುಗಿದುಹೋದರೆ ಕಷ್ಟ.

"ಸಾವಿರ ಹಾಕ್ಸಿವ್ನಿ ಬೀಬಿ," ಎಂದ ಚನ್ನಲಿಂಗಪ್ಪ, ಹುಬ್ಬಿನ ಹಿಟ್ಟು ಕೊಡವಿಕೊಳ್ಳುತ್ತ. "ಐದು ವರ್ಸಕ್ಕೆ ಯೋಚ್ನೆ ಇಲ್ಲ."